ಗಡಿಯ ಸಣ್ಣ ಊರಿಗೆ ಕಂಪನಿಗಳನ್ನು ಕರೆತರುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

"ನಮ್ಮಲ್ಲಿ ಜಾಗ ಅಗ್ಗ, ಗಾಳಿ ಚೆನ್ನಾಗಿದೆ, ಜನ ಒಳ್ಳೆಯವರು." ಹೊರಗಿನ ಕಂಪನಿಯನ್ನು ಕರೆಯಲು ಹೊರಟ ಸಣ್ಣ ಊರುಗಳು ಮೊದಲು ಹೇಳುವುದು ಇದನ್ನೇ. ಮೂರೂ ನಿಜ ಇರಬಹುದು. ಆದರೆ ಸಾವಿರಾರು ಊರುಗಳು ಇದೇ ಮಾತು ಹೇಳುತ್ತವೆ, ಹೊಸ ಜಾಗ ಹುಡುಕುತ್ತಿರುವ ಮಾಲೀಕರಿಗೆ ಅದನ್ನು ಕೇಳಿ ಕೇಳಿ ಸಾಕಾಗಿರುತ್ತದೆ. ಆ ಸಾವಿರ ಊರುಗಳಲ್ಲಿ ಇಲ್ಲದ ಒಂದು ನಿಮ್ಮಲ್ಲಿದೆ, ಪಕ್ಕದಲ್ಲೇ ಹಾದುಹೋಗುವ ಗಡಿ. ಅದು ಎರಡು ದೇಶಗಳ ಗಡಿ ಇರಬಹುದು, ಒಂದೇ ದೇಶದ ಎರಡು ರಾಜ್ಯಗಳದ್ದೂ ಇರಬಹುದು. ಆ ಗೆರೆಯ ಎರಡು ಕಡೆ ತೆರಿಗೆ ಬೇರೆ, ಕಾನೂನು ಬೇರೆ, ಕೂಲಿ ಬೇರೆ, ಕೆಲವು ಕಡೆ ಭಾಷೆ ಮತ್ತು ಗಡಿಯಾರವೂ ಬೇರೆ. ಈ ವ್ಯತ್ಯಾಸ ಯಾವ ಬಿಸಿನೆಸ್‌ನ ಯಾವ ತಲೆನೋವು ಕಳೆಯುತ್ತದೆ ಎಂದು ಕಂಡುಹಿಡಿಯಬೇಕು. ಉಳಿದ ಎಲ್ಲಾ ಹೆಜ್ಜೆಗಳೂ ಅದರ ಮೇಲೇ ನಿಲ್ಲುತ್ತವೆ.

ಪಂಚಾಯ್ತಿ ಅಥವಾ ಪುರಸಭೆಯವರು, ವರ್ತಕರ ಸಂಘದವರು, ಊರಿಗೆ ಏನಾದರೂ ಆಗಲಿ ಎಂದು ಓಡಾಡುವ ನಾಲ್ಕು ಜನ, ಇವರನ್ನೆಲ್ಲ ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ದೊಡ್ಡ ಬಜೆಟ್ ಬೇಕಿಲ್ಲ. ಎರಡು ಮೂರು ವರ್ಷದ ತಾಳ್ಮೆ ಬೇಕು.

ಹೆಜ್ಜೆ 1: ಗಡಿಯನ್ನು ಓದಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪುಟದ ನಡುವೆ ಗೆರೆ ಎಳೆದು ಒಂದು ಕಡೆ "ಈಚೆ", ಇನ್ನೊಂದು ಕಡೆ "ಆಚೆ" ಎಂದು ಬರೆಯಿರಿ. ಮಾರಾಟ ತೆರಿಗೆ, ಆದಾಯ ತೆರಿಗೆ, ಇಂಧನದ ಬೆಲೆ, ಕನಿಷ್ಠ ಕೂಲಿ, ಗೋಡೌನ್ ಬಾಡಿಗೆ, ಕರೆಂಟ್ ದರ, ಲೈಸೆನ್ಸ್ ಸಿಗಲು ಹಿಡಿಯುವ ದಿನ, ರಜಾ ದಿನಗಳು. ಪ್ರತಿಯೊಂದಕ್ಕೂ ಎರಡೂ ಕಡೆಯ ಅಂಕಿ ಬರೆಯಿರಿ. ಅಂದಾಜಿನಲ್ಲಿ ಬರೆಯಬೇಡಿ. ಆಚೆ ಕಡೆಯ ಕಚೇರಿಗೆ ಫೋನ್ ಮಾಡಿ, ಹೋಗಿ, ಕೇಳಿ. ಹೆಚ್ಚಿನ ಊರುಗಳಲ್ಲಿ ಈ ಪುಟವನ್ನು ಯಾರೂ ಎಂದೂ ತುಂಬಿಸಿರುವುದಿಲ್ಲ.

ಆಮೇಲೆ ಒಂದು ಇಡೀ ದಿನ ಚೆಕ್‌ಪೋಸ್ಟ್ ಹತ್ತಿರ ನಿಲ್ಲಿ. ಯಾವ ಲಾರಿಗಳು ಯಾವ ಮಾಲು ಹೊತ್ತು ಬರುತ್ತವೆ, ಎಷ್ಟು ಹೊತ್ತು ಕಾಯುತ್ತವೆ, ಚಾಲಕರು ಎಲ್ಲಿ ನಿಲ್ಲಿಸುತ್ತಾರೆ ಎಂದು ಗುರುತು ಹಾಕಿಕೊಳ್ಳಿ. ಬಹಳ ಮುಖ್ಯವಾಗಿ, ಯಾವ ದಿಕ್ಕಿಗೆ ಲಾರಿಗಳು ಖಾಲಿ ಹೋಗುತ್ತವೆ ಎಂದು ನೋಡಿ. ಖಾಲಿ ಹೋಗುವ ಲಾರಿಯ ಮಾಲೀಕರು ಕಡಿಮೆ ಬಾಡಿಗೆಗೂ ಮಾಲು ಹೇರಿಕೊಳ್ಳುತ್ತಾರೆ. ಆ ದಿಕ್ಕಿಗೆ ಭಾರದ ಸರಕು ಕಳಿಸುವ ತಯಾರಕರಿಗೆ ನಿಮ್ಮ ಊರು ಅಗ್ಗದ ಸಾಗಣೆಯ ಜಾಗ. ಇದನ್ನು ಯಾವ ಬಣ್ಣದ ಪುಸ್ತಿಕೆಯೂ ಹೇಳುವುದಿಲ್ಲ, ರಸ್ತೆ ಬದಿ ನಿಂತವರಿಗೆ ಮಾತ್ರ ಗೊತ್ತಾಗುತ್ತದೆ.

ಮೂರನೆಯದು ನಕ್ಷೆ. ಸಾಮಾನ್ಯವಾಗಿ ನಮ್ಮ ನಕ್ಷೆ ಗಡಿಯಲ್ಲಿ ಮುಗಿದುಬಿಡುತ್ತದೆ, ಆಚೆ ಬರೀ ಬಿಳಿ ಕಾಗದ. ಹಾಗಾಗಿ ಊರು ಮೂಲೆಯಲ್ಲಿ ಬಿದ್ದ ಹಾಗೆ ಕಾಣುತ್ತದೆ. ಊರನ್ನು ಮಧ್ಯದಲ್ಲಿಟ್ಟು, ಎರಡೂ ಕಡೆ ಒಂದು ಗಂಟೆ, ಎರಡು ಗಂಟೆ, ನಾಲ್ಕು ಗಂಟೆಯ ಪ್ರಯಾಣದ ಸುತ್ತು ಎಳೆಯಿರಿ. ಗಡಿಯಲ್ಲಿ ಕಾಯುವ ಸಮಯವನ್ನೂ ಅದರಲ್ಲಿ ಸೇರಿಸಿ. ಆ ಸುತ್ತಿನೊಳಗೆ ಎಷ್ಟು ಜನ ಇದ್ದಾರೆ ಎಂದು ಎಣಿಸಿ.

ಸ್ವೀಡನ್‌ನ ಈಶಾನ್ಯ ಅಂಚಿನಲ್ಲಿ, ಫಿನ್‌ಲ್ಯಾಂಡ್ ಗಡಿಗೆ ಅಂಟಿಕೊಂಡಿರುವ ಹಾಪರಾಂಡ ಎಂಬ ಊರು ಮಾಡಿದ್ದು ಇದನ್ನೇ. ಆಗ ಅಲ್ಲಿದ್ದದ್ದು ಸುಮಾರು 10,000 ಜನ. ಕೆಲಸ ಇಲ್ಲದೆ ಹುಡುಗರು ಊರು ಬಿಡುತ್ತಿದ್ದರು. 10,000 ಜನರ ಊರಿಗೆ ದೈತ್ಯ ಪೀಠೋಪಕರಣದ ಅಂಗಡಿ ಬರುತ್ತದೆ ಎಂದರೆ ಯಾರೂ ನಂಬುವುದಿಲ್ಲ, ಅಲ್ವಾ? ಆದರೆ ಗಡಿಯ ಆಚೆಯ ಫಿನ್‌ಲ್ಯಾಂಡ್, ಮೇಲಿನ ನಾರ್ವೆ ಸೇರಿಸಿ ನೋಡಿದರೆ ಗಂಟೆಗಟ್ಟಲೆ ಕಾರು ಓಡಿಸಿಕೊಂಡು ಬರಲು ಸಿದ್ಧವಿರುವ ದೊಡ್ಡ ಪ್ರದೇಶವೇ ಇತ್ತು. ಪುರಸಭೆಯ ಮುಖ್ಯಸ್ಥ ಸ್ವೆನ್-ಎರಿಕ್ ಬುಕ್ಟ್ ಈ ಲೆಕ್ಕ ಹಿಡಿದು ಇಕಿಯಾ ಸ್ಥಾಪಕ ಇಂಗ್ವಾರ್ ಕಾಂಪ್ರಾಡ್ ಅವರನ್ನು ಒಪ್ಪಿಸಿದರು. 2006ರ ನವೆಂಬರ್‌ನಲ್ಲಿ ಅಂಗಡಿ ತೆರೆಯಿತು. ಅದರ ಬೆನ್ನಿಗೇ ಬೇರೆ ಅಂಗಡಿಗಳು ಬಂದವು. ಹೊಳೆಯ ಆಚೆ, ಫಿನ್‌ಲ್ಯಾಂಡ್‌ನ ಟೊರ್ನಿಯೊದಲ್ಲೂ ಮಾಲ್ ಎದ್ದಿತು.

ನಿಮ್ಮ ಊರಿಗೂ ಇಕಿಯಾ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಅದೇ ಲೆಕ್ಕ ಒಂದು ಟ್ರ್ಯಾಕ್ಟರ್ ರಿಪೇರಿ ವರ್ಕ್‌ಶಾಪ್‌ಗೂ, ಕಣ್ಣಿನ ಆಸ್ಪತ್ರೆಗೂ, ಬಿಡಿಭಾಗಗಳ ಗೋಡೌನ್‌ಗೂ ಕೆಲಸ ಮಾಡುತ್ತದೆ.

ನೋಟ್‌ಬುಕ್‌ನಲ್ಲಿ ಬರೆದ ವ್ಯತ್ಯಾಸಗಳೆಲ್ಲ ಒಂದೇ ಗಟ್ಟಿ ಅಲ್ಲ. ತೆರಿಗೆ ಮತ್ತು ಬೆಲೆಯ ವ್ಯತ್ಯಾಸ ಒಂದು ಬಜೆಟ್ ಭಾಷಣದಲ್ಲಿ ಮಾಯವಾಗಬಹುದು. ಸೇತುವೆ, ರಸ್ತೆ, ರೈಲು ಹಳಿಯ ಅನುಕೂಲ ಸ್ವಲ್ಪ ಜಾಸ್ತಿ ದಿನ ಉಳಿಯುತ್ತದೆ. ಎರಡೂ ಕಡೆಯ ಭಾಷೆ, ಲೆಕ್ಕದ ಪದ್ಧತಿ, ಕಚೇರಿಗಳ ರೀತಿನೀತಿ ಬಲ್ಲ ಜನ ಎಲ್ಲಕ್ಕಿಂತ ಗಟ್ಟಿ. ಎರಡು ಭಾಷೆ ಸಲೀಸಾಗಿ ಮಾತಾಡುವವರು ಗಡಿ ಊರಿನಲ್ಲಿ ಮನೆಮನೆಯಲ್ಲೂ ಇರುತ್ತಾರೆ. ಗ್ರಾಹಕರ ಕರೆ ಸ್ವೀಕರಿಸುವ ಕಂಪನಿಗಳು, ಅನುವಾದ, ಕಸ್ಟಮ್ಸ್ ಕಾಗದಪತ್ರ, ಎರಡು ಮಾರುಕಟ್ಟೆಗೆ ಆನ್‌ಲೈನ್‌ನಲ್ಲಿ ಮಾರುವವರು, ಇವರೆಲ್ಲ ಅಂಥವರಿಗಾಗಿ ದೊಡ್ಡ ನಗರಗಳಲ್ಲಿ ಹುಡುಕಾಡುತ್ತಿರುತ್ತಾರೆ. ಊರಿನವರಿಗೆ ಅದು ಒಂದು ಕಸುಬು ಎಂದೇ ಅನ್ನಿಸಿರುವುದಿಲ್ಲ.

ಹೆಜ್ಜೆ 2: ಈಗಾಗಲೇ ಇರುವವರ ಬಾಗಿಲು ತಟ್ಟಿ

ಹೊರಗಿನವರನ್ನು ಕರೆಯುವ ಮೊದಲು ಊರಿನಲ್ಲೇ ಇರುವ ಪ್ರತಿಯೊಂದು ಬಿಸಿನೆಸ್‌ಗೂ ಹೋಗಿ ಅರ್ಧ ಗಂಟೆ ಕೂತು ಮಾತಾಡಿ. ನಾಲ್ಕು ಜನರಿಗೆ ಕೆಲಸ ಕೊಟ್ಟವರನ್ನೂ ಬಿಡಬೇಡಿ. ಕೇಳಬೇಕಾದ್ದು ಇಷ್ಟೇ. ಈ ವರ್ಷ ಯಾವ ಕೆಲಸ ಕೈತಪ್ಪಿತು, ಯಾಕೆ? ಯಾವ ಸಾಮಾನು ದೂರದಿಂದ ತರಿಸುತ್ತೀರಿ? ಯಾವ ಕೆಲಸಕ್ಕೆ ಜನ ಸಿಗುತ್ತಿಲ್ಲ? ಬಾಡಿಗೆ ಕರಾರು ಎಂದು ಮುಗಿಯುತ್ತದೆ? ಊರು ಬಿಡುವ ಯೋಚನೆ ಯಾವತ್ತಾದರೂ ಬಂದಿದೆಯಾ?

ಕೊನೆಯ ಪ್ರಶ್ನೆಗೆ ಬರುವ ಉತ್ತರ ಕೆಲವೊಮ್ಮೆ ನೋವು ಕೊಡುತ್ತದೆ. ಆದರೂ ಕೇಳಲೇಬೇಕು. ಇರುವವರೇ ಹೊರಡಲು ಗಂಟುಮೂಟೆ ಕಟ್ಟುತ್ತಿದ್ದರೆ ಹೊಸಬರನ್ನು ಕರೆದು ಏನು ಪ್ರಯೋಜನ? ಜೊತೆಗೆ, ಹೊಸದಾಗಿ ಬರುವ ಮಾಲೀಕರು ಗುಟ್ಟಾಗಿ ಮೊದಲು ವಿಚಾರಿಸುವುದು ಈ ಹಳಬರನ್ನೇ. "ಇಲ್ಲಿ ಕೆಲಸ ಮಾಡೋದು ಹೇಗಿದೆ?" ಎಂದು ಕೇಳಿದಾಗ ಅವರು ಏನು ಹೇಳುತ್ತಾರೆ ಎನ್ನುವುದರ ಮೇಲೆ ಎಲ್ಲ ನಿಂತಿರುತ್ತದೆ.

ಅಮೆರಿಕದ ಕೊಲೊರಾಡೊದ ಲಿಟಲ್‌ಟನ್‌ನಲ್ಲಿ 1980ರ ದಶಕದಲ್ಲಿ ದೊಡ್ಡ ಕಂಪನಿಯೊಂದು ಸಾವಿರಾರು ಜನರನ್ನು ಕೆಲಸದಿಂದ ತೆಗೆಯಿತು. ಮತ್ತೊಂದು ದೊಡ್ಡ ಕಂಪನಿಯ ಬೆನ್ನು ಹತ್ತುವ ಬದಲು ಅಲ್ಲಿನ ಆಡಳಿತ ಊರಿನಲ್ಲೇ ಇದ್ದ ಸಣ್ಣ ಕಂಪನಿಗಳಿಗೆ ಮಾರುಕಟ್ಟೆಯ ಮಾಹಿತಿ, ಗ್ರಾಹಕರ ಪಟ್ಟಿ, ನಕ್ಷೆ, ಪರಿಚಯಗಳನ್ನು ಒದಗಿಸತೊಡಗಿತು. ತೋಟ ನೋಡಿಕೊಂಡ ಹಾಗೆ ಬಿಸಿನೆಸ್‌ಗಳನ್ನು ನೋಡಿಕೊಳ್ಳುವ ಈ ಪದ್ಧತಿಯನ್ನು ಆಮೇಲೆ ಎಷ್ಟೋ ಊರುಗಳು ಹಿಡಿದವು.

ಈ ಮಾತುಕತೆಯಿಂದ ಇನ್ನೊಂದು ಲಾಭವಿದೆ. "ಯಾವ ಸಾಮಾನು ದೂರದಿಂದ ತರಿಸುತ್ತೀರಿ" ಎಂಬ ಪ್ರಶ್ನೆಗೆ ಐದು ಜನ ಒಂದೇ ಉತ್ತರ ಕೊಟ್ಟರೆ, ಯಾವ ಕಂಪನಿಯನ್ನು ಕರೆಯಬೇಕು ಎನ್ನುವುದು ನಿಮಗೆ ಗೊತ್ತಾಯಿತು. ಅದಕ್ಕೆ ಐದು ಗಿರಾಕಿಗಳು ಮೊದಲೇ ಸಿದ್ಧ.

ಹೆಜ್ಜೆ 3: ಯಾರನ್ನು ಕರೆಯಬೇಕು ಎಂದು ಆರಿಸಿ

ಕಂಪನಿಗಳು ಸುಮ್ನೆ ಜಾಗ ಬದಲಿಸುವುದಿಲ್ಲ. ಬಾಡಿಗೆ ಕರಾರು ಮುಗಿಯಬೇಕು, ಜಾಗ ಸಾಲದಾಗಬೇಕು, ಕೆಲಸಗಾರರು ಸಿಗದಾಗಬೇಕು, ದೊಡ್ಡ ಗಿರಾಕಿ ದೂರ ಹೋಗಿರಬೇಕು, ಇಲ್ಲವೇ ಮಾಲೀಕರ ಮನೆಯಲ್ಲಿ ಏನೋ ಬದಲಾಗಿರಬೇಕು. ಹಾಗೆ ಬದಲಿಸಿದರೂ ಹೆಚ್ಚಿನವರು ಹತ್ತಿರದಲ್ಲೇ ಬದಲಿಸುತ್ತಾರೆ, ಹಳೆಯ ಕೆಲಸಗಾರರು ಕೈಬಿಟ್ಟು ಹೋಗಬಾರದು ಎಂದು. ಆದ್ದರಿಂದ ಖಂಡದಾಚೆಯ ಪ್ರದರ್ಶನದಲ್ಲಿ ಸ್ಟಾಲ್ ಹಾಕುವುದಕ್ಕಿಂತ ಒಂದೆರಡು ಗಂಟೆ ದೂರದ ದೊಡ್ಡ ನಗರದಲ್ಲಿ ಇಕ್ಕಟ್ಟಾಗಿ ಕೂತಿರುವ ಕಂಪನಿಯನ್ನು ಹುಡುಕುವುದು ಮೇಲು.

ನನ್ನ ಪ್ರಕಾರ ಗಡಿಯ ಸಣ್ಣ ಊರಿಗೆ ನಾಲ್ಕು ಬಗೆಯವರು ನಿಜವಾಗಿ ಬರಬಹುದು.

ಮೊದಲನೆಯವರು ಊರಿನ ಮಕ್ಕಳು. ಓದಿ, ಹೊರಗೆ ಹೋಗಿ, ಅಲ್ಲಿ ಸಣ್ಣ ಕಂಪನಿ ಕಟ್ಟಿಕೊಂಡವರು. ತಂದೆ ತಾಯಿಗೆ ವಯಸ್ಸಾದಾಗ ಅವರ ಮನಸ್ಸು ಊರಿನ ಕಡೆ ತಿರುಗುತ್ತದೆ. ಶಾಲೆಯ ಹಳೆಯ ದಾಖಲೆ ತೆಗೆದು ಕಳೆದ ಮೂವತ್ತು ವರ್ಷ ಓದಿದವರು ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಪಟ್ಟಿ ಮಾಡಿ. ಇದಕ್ಕಿಂತ ಅಗ್ಗದ, ಇದಕ್ಕಿಂತ ಫಲ ಕೊಡುವ ಕೆಲಸ ಈ ಇಡೀ ಮಾರ್ಗದರ್ಶಿಯಲ್ಲಿ ಇನ್ನೊಂದಿಲ್ಲ.

ಎರಡನೆಯವರು ಗಡಿ ದಾಟಿ ವ್ಯಾಪಾರ ಮಾಡುವವರು. ಆಚೆ ದೇಶದಲ್ಲಿ ಗಿರಾಕಿ ಇದ್ದು ಈಚೆ ದೇಶದಲ್ಲಿ ತಯಾರಿಸುವವರು, ಅಥವಾ ಆಚೆಯಿಂದ ಬಂದು ಈ ಮಾರುಕಟ್ಟೆಗೆ ಮೊದಲ ಹೆಜ್ಜೆ ಇಡಲು ಸಣ್ಣ ಕಚೇರಿ ಬೇಕಾದವರು. ಗಡಿಯಲ್ಲಿ ಗೋಡೌನ್ ಇದ್ದರೆ ಅವರ ಮಾಲು ಒಂದು ದಿನ ಮೊದಲು ತಲುಪುತ್ತದೆ.

ಮೂರನೆಯವರು ಊರಿನ ಬಿಸಿನೆಸ್‌ಗಳಿಗೆ ಮಾಲು ಪೂರೈಸುವವರು. ಅವರ ಬಗ್ಗೆ ಹಿಂದಿನ ಹೆಜ್ಜೆಯಲ್ಲೇ ಹೇಳಿದೆ.

ನಾಲ್ಕನೆಯವರು ಲ್ಯಾಪ್‌ಟಾಪ್ ಇದ್ದರೆ ಸಾಕು ಎನ್ನುವವರು. ಜಪಾನಿನ ಟೊಕುಶಿಮಾ ಪ್ರಾಂತ್ಯದ ಕಾಮಿಯಾಮಾ ಬೆಟ್ಟಗಳ ನಡುವಿನ ಸಣ್ಣ ಊರು. ಮುದುಕರೇ ಜಾಸ್ತಿ, ಖಾಲಿ ಮನೆಗಳು ಬೇಕಾದಷ್ಟು. ಆದರೆ ಒಳ್ಳೆಯ ಫೈಬರ್ ಇಂಟರ್ನೆಟ್ ಇತ್ತು. 2010ರಲ್ಲಿ ಟೋಕಿಯೊದ ಸಾನ್‌ಸಾನ್ ಕಂಪನಿ ಅಲ್ಲಿನ ಹಳೆಯ ಮನೆಯಲ್ಲಿ ಸಣ್ಣ ಕಚೇರಿ ತೆರೆಯಿತು, ಹಿಂದೆಯೇ ಬೇರೆ ಕಂಪನಿಗಳೂ ಬಂದವು. ಅಲ್ಲಿನವರ ಇನ್ನೊಂದು ಉಪಾಯ ನನಗೆ ತುಂಬಾ ಹಿಡಿಸಿತು. "ಯಾರಾದರೂ ಬನ್ನಿ" ಎಂದು ಕರೆಯಲಿಲ್ಲ. ಖಾಲಿ ಮನೆ ತೋರಿಸಿ, ಇದಕ್ಕೆ ಇಂಥ ಕಸುಬಿನವರೇ ಬೇಕು ಎಂದು ಹೆಸರಿಸಿ ಕರೆದರು. ಊರಿಗೆ ಏನು ಕಡಿಮೆ ಇದೆ ಎಂದು ಊರೇ ತೀರ್ಮಾನಿಸಿತು.

ಮನೆಯಿಂದ ಕೆಲಸ ಮಾಡುವವರಿಗೆ ನೇರವಾಗಿ ಹಣ ಕೊಟ್ಟು ಕರೆಯುವ ದಾರಿಯೂ ಇದೆ. ಅಮೆರಿಕದ ಟಲ್ಸಾ 2018ರಿಂದ ತಲಾ 10,000 ಡಾಲರ್ ಕೊಡುತ್ತಿದೆ. ಅದಕ್ಕೆ ದೊಡ್ಡ ದಾನಿ ಸಂಸ್ಥೆಯ ಬೆಂಬಲ ಇದೆ ಎನ್ನುವುದನ್ನು ಮರೆಯಬಾರದು. ಗಡಿ ಊರಿನಲ್ಲಿ ಇದಕ್ಕೆ ಒಂದು ಎಚ್ಚರಿಕೆಯೂ ಬೇಕು. ಈಚೆ ವಾಸ, ಆಚೆಯ ಕಂಪನಿಗೆ ಕೆಲಸ ಎಂದಾದರೆ ತೆರಿಗೆ ಮತ್ತು ವಿಮೆ ಯಾವ ದೇಶಕ್ಕೆ ಎನ್ನುವ ಪ್ರಶ್ನೆ ಏಳುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ ಎರಡು ದೇಶಗಳಲ್ಲಿ ಕೆಲಸ ಮಾಡುವವರು ತಾವು ವಾಸಿಸುವ ದೇಶದಲ್ಲೇ ಶೇ 25 ಅಥವಾ ಅದಕ್ಕಿಂತ ಜಾಸ್ತಿ ಕೆಲಸ ಮಾಡಿದರೆ ಸಾಮಾನ್ಯವಾಗಿ ಸಾಮಾಜಿಕ ವಿಮೆ ಆ ದೇಶಕ್ಕೇ ಸೇರುತ್ತದೆ. ಕೊರೊನಾ ನಂತರ, 2023ರ ಜುಲೈನಿಂದ, ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳು ಮನೆಯಿಂದ ಮಾಡುವ ಕೆಲಸಕ್ಕೆ ಈ ಮಿತಿಯನ್ನು ಶೇ 50ಕ್ಕಿಂತ ಸ್ವಲ್ಪ ಕೆಳಗಿನವರೆಗೆ ಸಡಿಲಿಸಿದವು. ನಿಮ್ಮ ಗಡಿಯ ನಿಯಮ ಏನು ಎಂದು ಒಬ್ಬ ತೆರಿಗೆ ಸಲಹೆಗಾರರಿಂದ ಒಂದು ಪುಟ ಬರೆಸಿಟ್ಟುಕೊಳ್ಳಿ. ಬರುವವರ ಅರ್ಧ ಭಯ ಅಲ್ಲೇ ಹೋಗುತ್ತದೆ.

ಹೆಜ್ಜೆ 4: ಜಾಗವನ್ನು ನಿಜವಾಗಿಯೂ ಸಿದ್ಧ ಮಾಡಿ

"ನಮ್ಮಲ್ಲಿ ಬೇಕಾದಷ್ಟು ಜಮೀನಿದೆ" ಎನ್ನುವುದು ಸಿದ್ಧತೆ ಅಲ್ಲ. ಜಮೀನು ಯಾರ ಹೆಸರಿನಲ್ಲಿದೆ, ವ್ಯಾಜ್ಯ ಇದೆಯಾ, ಕೈಗಾರಿಕೆಗೆ ಬಳಸಲು ಅನುಮತಿ ಸಿಕ್ಕಿದೆಯಾ, ಮಳೆಗಾಲದಲ್ಲಿ ನೀರು ನಿಲ್ಲುತ್ತದಾ, ದೊಡ್ಡ ಟ್ರೇಲರ್ ಗೇಟಿನೊಳಗೆ ತಿರುಗುತ್ತದಾ, ತ್ರೀ ಫೇಸ್ ಕರೆಂಟ್ ಇದೆಯಾ, ಇದ್ದರೆ ಎಷ್ಟು ಲೋಡ್ ಸಿಗುತ್ತದೆ? ಇದಕ್ಕೆಲ್ಲ ಉತ್ತರ ಕಾಗದದ ಮೇಲೆ ಇರಬೇಕು. "ಟ್ರಾನ್ಸ್‌ಫಾರ್ಮರ್ ಹಾಕಿಸಿಕೊಡುತ್ತೇವೆ" ಎಂದರೆ ಸಾಲದು, ಎಷ್ಟು ತಿಂಗಳಲ್ಲಿ ಎಂದು ವಿದ್ಯುತ್ ಕಂಪನಿಯಿಂದ ಬರೆಸಿಕೊಳ್ಳಿ.

ಸಣ್ಣ ಊರಿಗೆ ಖಾಲಿ ಜಮೀನಿಗಿಂತ ಸಿದ್ಧ ಕಟ್ಟಡ ಮೇಲು. ಮುಚ್ಚಿದ ಗಿರಣಿ, ಹಳೆಯ ಶಾಲೆ, ಬಳಕೆ ತಪ್ಪಿದ ಕಸ್ಟಮ್ಸ್ ಕಟ್ಟಡ, ಏನೇ ಇರಲಿ. ಮಾಡು ಸೋರದ ಹಾಗೆ ಮಾಡಿಸಿ, ವೈರಿಂಗ್ ಬದಲಿಸಿ, ಇಂಟರ್ನೆಟ್ ಎಳೆಸಿ. ಇಂದು ನೋಡಿ ಮುಂದಿನ ತಿಂಗಳು ಕೆಲಸ ಶುರು ಮಾಡಬಹುದು ಎನ್ನುವ ಸಾವಿರ ಚದರ ಅಡಿಯ ಶೆಡ್, ಎರಡು ವರ್ಷ ಕಾಯಬೇಕಾದ ಐವತ್ತು ಎಕರೆಗಿಂತ ಬೇಗ ಕೆಲಸ ತರುತ್ತದೆ.

ಇದನ್ನೆಲ್ಲ ಎರಡೇ ಪುಟದ ಮಾಹಿತಿ ಹಾಳೆಯಲ್ಲಿ ಇಳಿಸಿ. ಬಣ್ಣದ ಚಿತ್ರ, ಗಣ್ಯರ ಸಂದೇಶ ಬೇಡ. ಅಳತೆ, ದರ, ದೂರ, ಕಾಯುವ ಸಮಯ, ಫೋನ್ ನಂಬರ್ ಇದ್ದರೆ ಸಾಕು. ಗಡಿ ಊರಾದ್ದರಿಂದ ಕಸ್ಟಮ್ಸ್ ಕಚೇರಿ ಯಾವ ಹೊತ್ತಿಗೆ ತೆರೆಯುತ್ತದೆ, ಯಾವ ಮಾಲನ್ನು ಅಲ್ಲಿ ಬಿಡಿಸಿಕೊಳ್ಳಬಹುದು, ಯಾವುದಕ್ಕೆ ದೂರದ ದೊಡ್ಡ ಕಚೇರಿಗೇ ಹೋಗಬೇಕು ಎನ್ನುವುದನ್ನು ತಪ್ಪದೆ ಹಾಕಿ. ಸಂಜೆ ಬಾಗಿಲು ಹಾಕುವ ಚೆಕ್‌ಪೋಸ್ಟ್ ಇದ್ದರೆ ಅದನ್ನು ಮುಚ್ಚಿಡಬೇಡಿ. ಬಂದವರಿಗೆ ಹೇಗೂ ಗೊತ್ತಾಗುತ್ತದೆ, ಆಗ ಉಳಿದ ಮಾತುಗಳನ್ನೂ ನಂಬುವುದಿಲ್ಲ.

ಹೆಜ್ಜೆ 5: ಒಬ್ಬರು, ಒಂದು ಫೋನ್

ಯಾರಾದರೂ ವಿಚಾರಿಸಿದಾಗ ಉತ್ತರಿಸುವ ಹೊಣೆ ಒಬ್ಬರದ್ದೇ ಆಗಿರಲಿ. ಸಮಿತಿ ಬೇಡ. ಎರಡು ದಿನದೊಳಗೆ ಉತ್ತರ ಹೋಗಬೇಕು, "ಇನ್ನೂ ವಿಚಾರಿಸುತ್ತಿದ್ದೇವೆ, ಶುಕ್ರವಾರ ತಿಳಿಸುತ್ತೇವೆ" ಎಂದಾದರೂ ಸರಿ. ಯಾವ ಲೈಸೆನ್ಸ್ ಯಾವ ಕಚೇರಿಯಲ್ಲಿ, ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಅವರ ಬಾಯಲ್ಲೇ ಇರಬೇಕು. ಬಂದವರ ಜೊತೆ ಆ ಕಚೇರಿಗಳಿಗೆ ಅವರೇ ಹೋಗಬೇಕು. ದೊಡ್ಡ ನಗರದಲ್ಲಿ ಇಂಥ ಜೊತೆ ಸಿಗುವುದಿಲ್ಲ. ಸಣ್ಣ ಊರಾಗಿ ನೀವು ಕೊಡಬಹುದಾದ ದೊಡ್ಡ ಸವಲತ್ತು ಇದು, ಇದಕ್ಕೆ ಖಜಾನೆಯಿಂದ ಒಂದು ಕಾಸೂ ಹೋಗುವುದಿಲ್ಲ.

ಹೆಜ್ಜೆ 6: ಮನೆ, ಶಾಲೆ, ಸಂಗಾತಿಯ ಕೆಲಸ

ಶೆಡ್ ಇದೆ, ಕರೆಂಟ್ ಇದೆ, ಆದರೆ ಮ್ಯಾನೇಜರ್ ಸಂಸಾರಕ್ಕೆ ಬಾಡಿಗೆ ಮನೆ ಇಲ್ಲ. ಬಹಳ ಊರುಗಳಲ್ಲಿ ಮಾತುಕತೆ ಮುರಿಯುವುದು ಇಲ್ಲೇ. ವಾಸಕ್ಕೆ ತಕ್ಕ ಐದು ಮನೆಗಳನ್ನಾದರೂ ಮಾಲೀಕರ ಒಪ್ಪಿಗೆ ಪಡೆದು ಪಟ್ಟಿಯಲ್ಲಿ ಇಟ್ಟಿರಿ. ಬರುವವರ ಗಂಡ ಅಥವಾ ಹೆಂಡತಿಗೂ ಕೆಲಸ ಬೇಕು ಎನ್ನುವುದು ನೆನಪಿರಲಿ. ಅವರು ಟೀಚರ್ ಆಗಿದ್ದರೆ, ನರ್ಸ್ ಆಗಿದ್ದರೆ, ಆ ಪ್ರಮಾಣಪತ್ರಕ್ಕೆ ಗಡಿಯ ಆಚೆ ಮಾನ್ಯತೆ ಇದೆಯಾ ಎಂದು ಮೊದಲೇ ತಿಳಿದುಕೊಂಡಿದ್ದರೆ ಕೆಲಸಕ್ಕೆ ಎರಡು ಕಡೆಯ ಬಾಗಿಲೂ ತೆರೆದಿರುತ್ತವೆ.

ಹೆಜ್ಜೆ 7: ಪತ್ರ, ಆಮೇಲೆ ಭೇಟಿ

ನೂರು ಜನರಿಗೆ ಒಂದೇ ಪತ್ರ ಕಳಿಸಬೇಡಿ. ಹತ್ತು ಜನರಿಗೆ ಹತ್ತು ಪತ್ರ ಬರೆಯಿರಿ. ಪತ್ರ ಅವರ ಕಷ್ಟದಿಂದ ಶುರುವಾಗಲಿ, ನಿಮ್ಮ ಊರಿನ ಹೊಗಳಿಕೆಯಿಂದ ಬೇಡ. ಉದಾಹರಣೆಗೆ ಹೀಗೆ:

"ನಮಸ್ಕಾರ. ನಿಮ್ಮ ಲಾರಿಗಳು ವಾರಕ್ಕೆ ಮೂರು ಸಲ ನಮ್ಮ ಗಡಿ ದಾಟುತ್ತವೆ. ಪ್ರತಿ ಸಲ ಕಾಗದಪತ್ರ ಮುಗಿಯುವವರೆಗೆ ಚಾಲಕರು ನಾಲ್ಕೈದು ಗಂಟೆ ಕಾಯುವುದನ್ನು ನೋಡಿದ್ದೇವೆ. ಚೆಕ್‌ಪೋಸ್ಟ್‌ಗೆ ಎರಡು ಕಿಲೋಮೀಟರ್ ದೂರದಲ್ಲಿ ತಕ್ಷಣ ಬಾಡಿಗೆಗೆ ಸಿಗುವ ಗೋಡೌನ್ ಇದೆ. ಎರಡೂ ಕಡೆಯ ಭಾಷೆ ಮತ್ತು ಕಾಗದಪತ್ರ ಬಲ್ಲವರು ಊರಿನಲ್ಲಿದ್ದಾರೆ. ಅಳತೆ, ಬಾಡಿಗೆ ಇದರ ಜೊತೆಗಿದೆ. ಮುಂದಿನ ವಾರ ನಿಮಗೆ ಅನುಕೂಲವಾದ ದಿನ ಹದಿನೈದು ನಿಮಿಷ ಫೋನಿನಲ್ಲಿ ಮಾತಾಡಬಹುದೇ?"

ಇಂಥ ಪತ್ರ ಬರೆಯಬೇಕಾದರೆ ನೀವು ಮೊದಲ ಹೆಜ್ಜೆಯಲ್ಲಿ ರಸ್ತೆ ಬದಿ ನಿಂತಿರಲೇಬೇಕು.

ಅವರು ಬರಲು ಒಪ್ಪಿದರೆ ಆ ದಿನವನ್ನು ಹಾರ ತುರಾಯಿಯಲ್ಲಿ ಕಳೆಯಬೇಡಿ. ಬೆಳಿಗ್ಗೆ ಜಾಗ ತೋರಿಸಿ. ಆಮೇಲೆ ಊರಿನ ಇಬ್ಬರು ಮಾಲೀಕರ ಜೊತೆ ಅವರನ್ನು ಕೂರಿಸಿ, ನೀವು ಎದ್ದು ಹೊರಗೆ ಬನ್ನಿ. ನಿಮ್ಮ ಮುಂದೆ ಕೇಳಲಾಗದ ಪ್ರಶ್ನೆಗಳನ್ನು ಅವರು ಕೇಳಿಕೊಳ್ಳಲಿ. ಗಡಿ ದಾಟಿಸಿ ವಾಪಸ್ ಕರೆತನ್ನಿ, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅವರೇ ನೋಡಲಿ. ಹೊರಡುವಾಗ ಅವರು ಕೇಳಿದ್ದರಲ್ಲಿ ಉತ್ತರ ಸಿಗದ ಪ್ರಶ್ನೆಗಳನ್ನು ಬರೆದುಕೊಂಡು, ಆ ವಾರದೊಳಗೆ ಒಂದೊಂದಕ್ಕೂ ಉತ್ತರ ಕಳಿಸಿ. ಅವರು ಯಾರು ಎಂದು ಹೊರಗೆ ಹೇಳಬೇಡಿ. ಜಾಗ ಹುಡುಕುತ್ತಿರುವ ಸುದ್ದಿ ಅವರ ಕೆಲಸಗಾರರಿಗೆ ಬೇರೆಯವರ ಬಾಯಿಂದ ತಲುಪಿದರೆ ಅಲ್ಲಿಗೆ ಮುಗಿಯಿತು.

ಹೆಜ್ಜೆ 8: ರಿಯಾಯಿತಿ ಕೊಡುವ ಮೊದಲು

ಇಲ್ಲಿ ಸ್ವಲ್ಪ ನಿಧಾನಿಸೋಣ. ಸಣ್ಣ ಊರುಗಳು ಅತಿ ಹೆಚ್ಚು ಕಳೆದುಕೊಳ್ಳುವುದು ಈ ಹಂತದಲ್ಲೇ.

ತೆರಿಗೆ ಮಾಫಿ ಕೊಟ್ಟರೆ ಕಂಪನಿ ಬರುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ಅಮೆರಿಕದ ಅಪ್‌ಜಾನ್ ಸಂಸ್ಥೆಯ ಅರ್ಥಶಾಸ್ತ್ರಜ್ಞ ಟಿಮತಿ ಬಾರ್ಟಿಕ್ ಈ ಕುರಿತ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2018ರಲ್ಲಿ ಲೆಕ್ಕ ಹಾಕಿದರು. ರಿಯಾಯಿತಿ ಪಡೆದ ಕಂಪನಿಗಳಲ್ಲಿ ಅದೇ ಕಾರಣಕ್ಕೆ ತೀರ್ಮಾನ ಬದಲಿಸಿದವು ಶೇ 2ರಿಂದ ಶೇ 25 ಮಾತ್ರ. ಉಳಿದವು ರಿಯಾಯಿತಿ ಇಲ್ಲದಿದ್ದರೂ ಅದನ್ನೇ ಮಾಡುತ್ತಿದ್ದವು. ಅಂದರೆ ಶಾಲೆಗೆ, ರಸ್ತೆಗೆ ಹೋಗಬೇಕಿದ್ದ ಹಣ ಹೇಗೂ ಬರುತ್ತಿದ್ದವರ ಕೈ ಸೇರುತ್ತದೆ.

ಗಡಿ ಊರಿನಲ್ಲಿ ಇದು ಇನ್ನೂ ಕೆಟ್ಟದಾಗಿ ತಿರುಗುತ್ತದೆ. ಕಾನ್ಸಾಸ್ ಸಿಟಿಯ ನಗರ ಪ್ರದೇಶ ಕಾನ್ಸಾಸ್ ಮತ್ತು ಮಿಸ್ಸೂರಿ ಎರಡು ರಾಜ್ಯಗಳಲ್ಲಿ ಹರಡಿದೆ. ವರ್ಷಗಟ್ಟಲೆ ಎರಡೂ ರಾಜ್ಯಗಳು ಒಬ್ಬರ ಕಂಪನಿಯನ್ನು ಇನ್ನೊಬ್ಬರು ತೆರಿಗೆ ಆಸೆ ತೋರಿಸಿ ಎಳೆದುಕೊಂಡವು. ಕಂಪನಿ ಕೆಲವೇ ಮೈಲಿ ಆಚೆ ಸರಿದರೆ ಸಾಕಿತ್ತು, ಅದೇ ಕೆಲಸಗಾರರು, ಅದೇ ಮನೆಗಳು, ಹೊಸ ಕೆಲಸ ಏನೂ ಇಲ್ಲ. ಖರ್ಚಾದದ್ದು ಕೋಟಿಗಟ್ಟಲೆ ಡಾಲರ್. ಕೊನೆಗೆ 2019ರಲ್ಲಿ ಎರಡೂ ರಾಜ್ಯಗಳು ಈ ಕಿತ್ತಾಟ ನಿಲ್ಲಿಸಲು ಒಪ್ಪಿದವು.

ದೊಡ್ಡ ಕನಸಿನ ಬೆಲೆ ತಿಳಿಯಬೇಕಾದರೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮೌಂಟ್ ಪ್ಲೆಸೆಂಟ್ ಎಂಬ ಹಳ್ಳಿಯನ್ನು ನೋಡಬೇಕು. 2017ರಲ್ಲಿ ಫಾಕ್ಸ್‌ಕಾನ್ ಅಲ್ಲಿ 1,000 ಕೋಟಿ ಡಾಲರ್ ಹಾಕಿ 13,000 ಕೆಲಸ ಕೊಡುವುದಾಗಿ ಘೋಷಿಸಿತು. ಹಳ್ಳಿ ಸಾಲ ಮಾಡಿ ಜಮೀನು, ಮನೆಗಳನ್ನು ಕೊಂಡು ಖಾಲಿ ಮಾಡಿಸಿತು, ರಸ್ತೆ, ನೀರು ಒದಗಿಸಿತು. 2021ರಲ್ಲಿ ಒಪ್ಪಂದ ಪರಿಷ್ಕರಿಸಿದಾಗ ಉಳಿದದ್ದು 67.2 ಕೋಟಿ ಡಾಲರ್ ಬಂಡವಾಳ ಮತ್ತು 1,454 ಕೆಲಸಗಳ ಗುರಿ. ರಾಜ್ಯ ಕೊಡಬೇಕಿದ್ದ ಸುಮಾರು 285 ಕೋಟಿ ಡಾಲರ್ ತೆರಿಗೆ ಲಾಭ 8 ಕೋಟಿಗೆ ಇಳಿಯಿತು. ಯಾಕೆ ಇಳಿಸಲು ಆಯಿತು? ಕೆಲಸ ಕೊಟ್ಟ ಮೇಲೆ ಮಾತ್ರ ಲಾಭ ಎಂದು ಕರಾರಿನಲ್ಲಿ ಬರೆದಿತ್ತು. ಆದರೆ ಖಾಲಿಯಾದ ಮನೆಗಳು ಮರಳಿ ಬರಲಿಲ್ಲ.

ಆದ್ದರಿಂದ ರಿಯಾಯಿತಿ ಕೊಡಲೇಬೇಕಾಗಿ ಬಂದರೆ ಕೆಲವು ವಿಷಯಗಳಲ್ಲಿ ಗಟ್ಟಿಯಾಗಿ ನಿಲ್ಲಿ. ಕೆಲಸ ಸೃಷ್ಟಿಯಾದ ಮೇಲೆ, ವರ್ಷ ವರ್ಷವೂ ಲೆಕ್ಕ ನೋಡಿ ಕೊಡಿ, ಮುಂಗಡ ಬೇಡ. ಹೇಳಿದ ಅವಧಿಗೆ ಮೊದಲೇ ಹೊರಟರೆ ಕೊಟ್ಟದ್ದನ್ನು ವಾಪಸ್ ಪಡೆಯುವ ಷರತ್ತು ಕರಾರಿನಲ್ಲಿರಲಿ. ಸಂಬಳ ಎಷ್ಟು, ಊರಿನವರಿಗೆ ಎಷ್ಟು ಕೆಲಸ ಎಂದು ಅಂಕಿಯಲ್ಲಿ ಬರೆಸಿ. ಸಾಧ್ಯವಾದರೆ ಹಣವನ್ನು ಊರಿನಲ್ಲೇ ಉಳಿಯುವ ವಸ್ತುವಿನ ಮೇಲೆ ಹಾಕಿ. ರಸ್ತೆ, ಶೆಡ್, ಫೈಬರ್, ಕೆಲಸಗಾರರ ತರಬೇತಿ. ಕಂಪನಿ ಹೊರಟುಹೋದರೂ ರಸ್ತೆ ಹೋಗುವುದಿಲ್ಲ, ಕಲಿತ ಕೈಕೆಲಸವೂ ಊರಿನವರ ಕೈಯಲ್ಲೇ ಇರುತ್ತದೆ. ಇಡೀ ಕರಾರನ್ನು ಊರಿನ ಸಭೆಯಲ್ಲಿ ಓದಿ. ಓದಲು ಹಿಂಜರಿಯುವಂಥ ಕರಾರಾಗಿದ್ದರೆ ಸಹಿ ಹಾಕಬೇಡಿ.

ಹೆಜ್ಜೆ 9: ಆಚೆ ಊರಿನ ಜೊತೆ ಕೂತು ಮಾತಾಡಿ

ಗಡಿಯ ಆಚೆಯ ಊರನ್ನು ಶತ್ರು ಎಂದುಕೊಂಡರೆ ಕಾನ್ಸಾಸ್ ಸಿಟಿಯ ಕಥೆಯೇ ಆಗುತ್ತದೆ. ಹಾಪರಾಂಡ ಮತ್ತು ಟೊರ್ನಿಯೊ ಬೇರೆ ದೇಶಗಳ ಊರುಗಳು. ನಡುವೆ ಒಂದು ಗಂಟೆಯ ಸಮಯದ ವ್ಯತ್ಯಾಸ, ಎರಡು ಬೇರೆ ನಾಣ್ಯ. ಆದರೂ ಎರಡೂ ಸೇರಿ ಕೊಳಚೆ ನೀರಿನ ಘಟಕ ನಡೆಸುತ್ತವೆ, ಊರಿನ ಯೋಜನೆಗಳನ್ನು ಒಟ್ಟಿಗೆ ಮಾಡುತ್ತವೆ. ಅಮೆರಿಕದ ಟೆಕ್ಸಾರ್ಕಾನಾ ಊರಿನ ನಡುವೆಯೇ ಟೆಕ್ಸಾಸ್ ಮತ್ತು ಅರ್ಕನ್ಸಾ ರಾಜ್ಯಗಳ ಗೆರೆ ಹೋಗುತ್ತದೆ. ಟೆಕ್ಸಾಸ್‌ನಲ್ಲಿ ರಾಜ್ಯ ಆದಾಯ ತೆರಿಗೆ ಇಲ್ಲ, ಅರ್ಕನ್ಸಾದಲ್ಲಿ ಇದೆ. ಹಾಗೇ ಬಿಟ್ಟಿದ್ದರೆ ಜನರೆಲ್ಲ ರಸ್ತೆ ದಾಟಿ ಹೋಗಿಬಿಡುತ್ತಿದ್ದರು. ಅದಕ್ಕೆ ಅರ್ಕನ್ಸಾ ಸರ್ಕಾರ ತನ್ನ ಕಡೆಯ ಟೆಕ್ಸಾರ್ಕಾನಾ ನಿವಾಸಿಗಳಿಗೆ ಆ ತೆರಿಗೆಯನ್ನೇ ಬಿಟ್ಟುಕೊಟ್ಟಿದೆ. ಗಡಿ ನಿಮಗೆ ಕೆಟ್ಟದ್ದು ಮಾಡುತ್ತಿದ್ದರೆ ಮೇಲಿನ ಸರ್ಕಾರದ ಮುಂದೆ ಇಂಥದ್ದನ್ನು ಕೇಳುವ ಹಕ್ಕು ನಿಮಗಿದೆ.

ವರ್ಷಕ್ಕೆ ಎರಡು ಸಲವಾದರೂ ಎರಡೂ ಊರಿನವರು ಸೇರಿ. ಒಬ್ಬರಲ್ಲಿ ಜಮೀನು, ಇನ್ನೊಬ್ಬರಲ್ಲಿ ಕೆಲಸಗಾರರು, ಒಬ್ಬರಲ್ಲಿ ಆಸ್ಪತ್ರೆ, ಇನ್ನೊಬ್ಬರಲ್ಲಿ ತಾಂತ್ರಿಕ ಕಾಲೇಜು ಇರಬಹುದು. ಬರುವ ಕಂಪನಿಗೆ ಎರಡನ್ನೂ ಒಟ್ಟಿಗೆ ತೋರಿಸಿ. 5,000 ಜನರ ಎರಡು ಊರು ಸೇರಿದರೆ 10,000 ಜನರ ಒಂದು ಊರು.

ಹೆಜ್ಜೆ 10: ಗಡಿ ಮುಚ್ಚುವ ದಿನಕ್ಕೂ, ಗಡಿ ಅಳಿಯುವ ದಿನಕ್ಕೂ ಸಿದ್ಧರಾಗಿ

ಪಾಯಿಂಟ್ ರಾಬರ್ಟ್ಸ್ ಅಮೆರಿಕಕ್ಕೆ ಸೇರಿದ ಜಾಗ, ಆದರೆ ರಸ್ತೆಯಲ್ಲಿ ಹೋಗಬೇಕಾದರೆ ಕೆನಡಾ ದಾಟಬೇಕು. ಸುಮಾರು 1,200 ಜನ. ಪೆಟ್ರೋಲ್ ಬಂಕ್, ಕಿರಾಣಿ ಅಂಗಡಿ, ಪಾರ್ಸೆಲ್ ಇಟ್ಟುಕೊಳ್ಳುವ ಅಂಗಡಿಗಳು, ಎಲ್ಲಕ್ಕೂ ಕೆನಡಾದ ಗಿರಾಕಿಗಳೇ ಆಧಾರ. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ಗಡಿ ಮುಚ್ಚಿತು. ಅಮೆರಿಕ ತನ್ನ ಬಾಗಿಲು ಮತ್ತೆ ತೆರೆದದ್ದು 2021ರ ನವೆಂಬರ್‌ನಲ್ಲಿ. ಅಷ್ಟೂ ದಿನ ಅಂಗಡಿಗಳು ಗಿರಾಕಿಗಳಿಲ್ಲದೆ ಒದ್ದಾಡಿದವು.

ಇದರ ಉಲ್ಟಾ ಕೂಡ ಆಗುತ್ತದೆ. 1993ರ ಜನವರಿ 1ರಂದು ಯುರೋಪಿನ ಏಕ ಮಾರುಕಟ್ಟೆ ಜಾರಿಗೆ ಬಂದಾಗ ಸದಸ್ಯ ದೇಶಗಳ ನಡುವಿನ ಕಸ್ಟಮ್ಸ್ ತಪಾಸಣೆ ನಿಂತಿತು. ವ್ಯಾಪಾರಕ್ಕೆ ಒಳ್ಳೆಯದೇ ಆಯಿತು. ಆದರೆ ಕಸ್ಟಮ್ಸ್ ಕಾಗದಪತ್ರವನ್ನೇ ನಂಬಿದ್ದ ಗಡಿ ಊರುಗಳ ಏಜೆಂಟರು ಕೆಲಸ ಕಳೆದುಕೊಂಡರು.

ಹಾಗಾಗಿ ನಿಮ್ಮ ಪಟ್ಟಿಯಲ್ಲಿರುವ ಪ್ರತಿಯೊಂದು ಬಿಸಿನೆಸ್‌ನ ಮುಂದೆ ಎರಡು ಪ್ರಶ್ನೆ ಬರೆಯಿರಿ. ಗಡಿ ಒಂದು ವರ್ಷ ಮುಚ್ಚಿದರೆ ಇದು ಉಳಿಯುತ್ತದಾ? ಆಚೆ ಈಚೆಯ ತೆರಿಗೆ ನಾಳೆ ಒಂದೇ ಆದರೆ ಉಳಿಯುತ್ತದಾ? ಎರಡಕ್ಕೂ "ಇಲ್ಲ" ಎನ್ನುವ ಬಿಸಿನೆಸ್‌ಗಳೇ ಅರ್ಧಕ್ಕಿಂತ ಜಾಸ್ತಿ ಇದ್ದರೆ, ಮುಂದಿನ ಪತ್ರಗಳನ್ನು ಬೇರೆ ತರಹದವರಿಗೆ ಬರೆಯಿರಿ.

ಹೆಜ್ಜೆ 11: ಬಂದ ಮೇಲಿನ ಮೊದಲ ವರ್ಷ

ಉದ್ಘಾಟನೆಯ ದಿನ ಎಲ್ಲರೂ ಇರುತ್ತಾರೆ, ಮೂರನೇ ತಿಂಗಳಲ್ಲಿ ಯಾರೂ ಇರುವುದಿಲ್ಲ. ಆದರೆ ಕರೆಂಟ್ ಕೈಕೊಡುವುದು, ಕೆಲಸಕ್ಕೆ ಬಂದ ಹುಡುಗರು ಬಿಟ್ಟುಹೋಗುವುದು, ಆಚೆಯಿಂದ ಬರುವ ಮಾಲು ಗಡಿಯಲ್ಲಿ ಸಿಕ್ಕಿಹಾಕಿಕೊಳ್ಳುವುದು ಆಗಲೇ. ಐದನೇ ಹೆಜ್ಜೆಯಲ್ಲಿ ಹೇಳಿದ ಆ ಒಬ್ಬರು ಮೊದಲ ವರ್ಷ ಪ್ರತಿ ತಿಂಗಳೂ ಹೋಗಿ ಕೂತು ಮಾತಾಡಬೇಕು. ಎರಡನೇ ಹೆಜ್ಜೆಯ ಅದೇ ಪ್ರಶ್ನೆಗಳು, ಅದೇ ನೋಟ್‌ಬುಕ್. ಹೊಸ ಮಾಲೀಕರನ್ನು ಊರಿನ ವರ್ತಕರ ಸಂಘಕ್ಕೆ ಕರೆತನ್ನಿ, ಆಚೆ ಊರಿನವರಿಗೂ ಪರಿಚಯಿಸಿ. ವರ್ಷ ತುಂಬಿದಾಗ ಒಂದು ಸಹಾಯ ಕೇಳಿ. ತಮ್ಮ ಕಸುಬಿನಲ್ಲೇ ಜಾಗ ಹುಡುಕುತ್ತಿರುವ ಇಬ್ಬರ ಹೆಸರು ಹೇಳಲಿ. ಮುಂದಿನ ಎರಡು ಪತ್ರ ಅವರಿಗೆ.